ಗಾಯದಲ್ಲಿ ಸಿಕ್ಕಿದ ಔಷಧಿ

ಗಾಯಕ್ಕೆ ಹಚ್ಚುವ ಕೆಲವು ಮುಲಾಮು, ಪುಡಿಗಳ ಮೇಲೆ ‘ಬ್ಯಾಸಿಟ್ರಾಸಿನ್’ ಎಂಬ ಹೆಸರನ್ನು ನೀವು ಓದಿರಬಹುದು. ಈ ಹೆಸರಿನಲ್ಲಿ ಒಬ್ಬ ಪುಟ್ಟ ಹುಡುಗಿ ಅಡಗಿದ್ದಾಳೆ. 1943ರಲ್ಲಿ ನ್ಯೂಯಾರ್ಕಿನ ಏಳು ವರ್ಷದ ಮಾರ್ಗರೆಟ್ ಟ್ರೇಸಿಯ ಕಾಲಿನ ಮೂಳೆ ಮುರಿಯಿತು. ಆ ಗಾಯದಿಂದ ತೆಗೆದ ಒಂದು ಬ್ಯಾಸಿಲಸ್ ಬ್ಯಾಕ್ಟೀರಿಯ ಇತರ ಬ್ಯಾಕ್ಟೀರಿಯಗಳನ್ನು ಬೆಳೆಯಗೊಡುತ್ತಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಬಾಲ್ಬಿನಾ ಜಾನ್ಸನ್ ಮತ್ತು ಫ್ರಾಂಕ್ ಮೆಲೆನಿ ಅದರಿಂದ ಹೊಸ ಪ್ರತಿಜೈವಿಕವನ್ನು ಪಡೆದು, 1945ರಲ್ಲಿ ಪ್ರಕಟಿಸಿದರು. ಬ್ಯಾಸಿಲಸ್ ಮತ್ತು ಟ್ರೇಸಿ ಸೇರಿ ‘ಬ್ಯಾಸಿಟ್ರಾಸಿನ್’ ಆಯಿತು.

ಬ್ಯಾಸಿಲಸ್‌ಗಳು ಮಣ್ಣಿನ ವಾಸಿಗಳು. ಆಹಾರ ಮುಗಿಯುತ್ತ ಬಂದಾಗ ಅವು ಗಟ್ಟಿ ಕವಚದ ಬೀಜಕಗಳಾಗಿ ನಿದ್ರಿಸುತ್ತವೆ. ಕೆಲವು ಜಾತಿಯ ಬೀಜಕಗಳು ಅನ್ನ ಬೇಯುವ ಶಾಖಕ್ಕೂ ಸಾಯುವುದಿಲ್ಲ. ಅನ್ನವನ್ನು ಬಹಳ ಹೊತ್ತು ಹೊರಗಿಟ್ಟರೆ ಮತ್ತೆ ಮೊಳೆಯುತ್ತವೆ. ಇಂಥ ಕಷ್ಟಕಾಲದಲ್ಲೇ ಹಲವು ಬ್ಯಾಸಿಲಸ್‌ಗಳು ಪ್ರತಿಜೈವಿಕವನ್ನೂ ಸ್ರವಿಸಿ, ಇದ್ದ ಆಹಾರಕ್ಕೆ ಬರುವ ಪೈಪೋಟಿಯನ್ನು ತಡೆಯುತ್ತವೆ.

ಆದರೆ ಬ್ಯಾಕ್ಟೀರಿಯ ತಯಾರಿಸುವುದು ತನಗೆ ಬೇಕಾದಷ್ಟನ್ನು ಮಾತ್ರ. ಕಾರ್ಖಾನೆಗೆ ಅದು ಸಾಲದು. ಹಾಗಾದರೆ ಇಳುವರಿ ಹೆಚ್ಚಿಸುವುದು ಹೇಗೆ?

ಮೊದಲನೆಯದು ಗಾಳಿ. ಆರಂಭದಲ್ಲಿ ಆಳವಿಲ್ಲದ ತಟ್ಟೆಗಳಲ್ಲಿ, ದ್ರವದ ಮೇಲ್ಮೈಯಲ್ಲಿ ಬ್ಯಾಕ್ಟೀರಿಯವನ್ನು ಬೆಳೆಸುತ್ತಿದ್ದರು. ಅನಂತರ ದೊಡ್ಡ ತೊಟ್ಟಿಗಳಲ್ಲಿ ಗಾಳಿಯೂದುತ್ತ, ಕಲಕುತ್ತ ಬೆಳೆಸುವ ವಿಧಾನ ಬಂತು. ಎರಡನೆಯದು ಆಹಾರ. ಸೋಯಾ ಹಿಟ್ಟು ಒಳ್ಳೆಯ ಮೇವು; ಜೊತೆಗೆ ಮ್ಯಾಂಗನೀಸ್ ಚೂರು ಬೇಕು. ಗ್ಲೂಕೋಸ್ ಹೆಚ್ಚಾದರೆ ಮಾತ್ರ ಆಮ್ಲ ಹುಟ್ಟಿ ಉತ್ಪಾದನೆ ಕುಗ್ಗುತ್ತದೆ. ಮೂರನೆಯದು ತಳಿ. ನೇರಳಾತೀತ ಕಿರಣ ಹಾಯಿಸಿ, ಬದಲಾದ ಸಾವಿರಾರು ಜೀವಿಗಳಲ್ಲಿ ಹೆಚ್ಚು ಇಳುವರಿ ಕೊಡುವುದನ್ನು ಆರಿಸುವುದು ಹಳೆಯ ದಾರಿ. ಹೊಸ ದಾರಿ ವಂಶವಾಹಿಗಳನ್ನೇ ವರ್ಗಾಯಿಸುವುದು. 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ಬ್ಯಾಸಿಟ್ರಾಸಿನ್ ತಯಾರಿಸುವ ವಂಶವಾಹಿಗಳ ಇಡೀ ಗುಂಪನ್ನು ಬ್ಯಾಸಿಲಸ್ ಸಬ್ಟಿಲಿಸ್‌ಗೆ ಸೇರಿಸಿ, ಅದರಿಂದಲೂ ಔಷಧಿ ಪಡೆದರು. ತನ್ನ ವಿಷಕ್ಕೆ ತಾನೇ ಬಲಿಯಾಗದಂತೆ ಅದನ್ನು ಕಾಪಾಡುವ ವಂಶವಾಹಿಗಳೂ ಆ ಗುಂಪಿನಲ್ಲಿದ್ದವು.

ಇಳುವರಿ ಹೆಚ್ಚಿದಂತೆ ಬಳಕೆಯೂ ಹಿಗ್ಗಿತು. ಕೋಳಿ, ಹಂದಿಗಳು ಬೇಗ ಕೊಬ್ಬಲೆಂದು ಮೇವಿಗೂ ಬ್ಯಾಸಿಟ್ರಾಸಿನ್ ಬೆರೆಸಲಾಯಿತು. ಹೀಗೆ ಬಳಸಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳು ಉಳಿದು ವೃದ್ಧಿಸುತ್ತವೆ ಎಂಬ ಆತಂಕದಿಂದ ಯೂರೋಪಿಯನ್ ಒಕ್ಕೂಟ 1999ರಲ್ಲಿ ಅದನ್ನು ನಿಲ್ಲಿಸಿತು. ಚುಚ್ಚುಮದ್ದಾಗಿ ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿ ಎಂಬ ಕಾರಣಕ್ಕೆ, 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬ್ಯಾಸಿಟ್ರಾಸಿನ್ ಚುಚ್ಚುಮದ್ದನ್ನು ಹಿಂತೆಗೆದುಕೊಳ್ಳುವಂತೆ ತಯಾರಕರನ್ನು ಕೇಳಿತು.

ವಿದ್ಯಾರ್ಥಿಗಳೇ, ತೊಟ್ಟಿಯಲ್ಲಿ ಇಳುವರಿ ಹೆಚ್ಚಿಸಲು ಎಷ್ಟು ವರ್ಷಗಳ ದುಡಿಮೆ ಬೇಕಾಯಿತು ನೋಡಿ. ತಂದೆ ತಾಯಂದಿರು ವೈದ್ಯರ ಚೀಟಿಯಿಲ್ಲದೆ ಪ್ರತಿಜೈವಿಕ ತರುವಾಗ ಇದನ್ನೊಮ್ಮೆ ನೆನೆಯಬೇಕು. ಸಲ್ಲದ ಬಳಕೆಯಿಂದ ಆ ದುಡಿಮೆಯ ಫಲ ಕೈಜಾರಲು ಬಹಳ ಕಾಲ ಬೇಕಿಲ್ಲ.