ಎಣ್ಣೆ, ಸೀಗೆಕಾಯಿ ಮತ್ತು ನೀರು

ಇಬ್ಬರಿಗೆ ಹೊಂದಿಕೆಯಾಗದಿದ್ದರೆ ಅವರದು ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಹೇಳುವುದು ನಮ್ಮಲ್ಲಿ ರೂಢಿ. ಅಭ್ಯಂಜನದ ದಿನ ತಲೆಗೆ ಒತ್ತಿದ ಎಣ್ಣೆಯನ್ನು ಸೀಗೆಪುಡಿಯು ತೊಳೆದು ಕಳುಹಿಸುವುದನ್ನು ಕಂಡವರು ಈ ಮಾತನ್ನು ಹುಟ್ಟಿಸಿರಬೇಕು. ಆದರೆ ಅಣುಗಳನ್ನು ಕೇಳಿದರೆ ಇದು ಹಗೆತನವೇ ಅಲ್ಲ. ಸೀಗೆಕಾಯಿಯು ಎಣ್ಣೆಯನ್ನು ಅಪ್ಪಿಕೊಂಡೇ ಹೊರಡುತ್ತದೆ.

ಸೀಗೆಕಾಯಿಯಲ್ಲಿಯೂ ಅಂಟುವಾಳದಲ್ಲಿಯೂ ಸಪೋನಿನ್ ಎಂಬ ವಸ್ತುಗಳಿವೆ. ಇವುಗಳ ಅಣುವಿನ ಒಂದು ಭಾಗವು ಎಣ್ಣೆಯ ಸ್ವಭಾವದ್ದು, ಇನ್ನೊಂದು ಸಕ್ಕರೆಗಳಿಂದಾದುದು. ಸಾಬೂನಿನ ಅಣುವೂ ಇಬ್ಬಗೆಯದೇ: ನೀರಿಗೆ ಒಲಿಯುವ ತಲೆ, ಒಲಿಯದ ಉದ್ದನೆಯ ಬಾಲ. ಇಂಥ ಅಣುಗಳು ನೀರಿನಲ್ಲಿ ವಿರಳವಾಗಿದ್ದಾಗ ಒಂಟಿಯಾಗಿ ಅಲೆಯುತ್ತವೆ. ಒಂದು ಮಿತಿಯನ್ನು ದಾಟಿದೊಡನೆ ಗುಂಪುಗೂಡಿ, ಬಾಲಗಳನ್ನು ಒಳಗೂ ತಲೆಗಳನ್ನು ಹೊರಗೂ ಇಟ್ಟುಕೊಂಡು, ಕೆಲವೇ ನ್ಯಾನೋಮೀಟರುಗಳ ಉಂಡೆಗಳಾಗುತ್ತವೆ. ಬ್ರಿಸ್ಟಲಿನ ಮೆಕ್‌ಬೇನ್ 1913ರಲ್ಲಿ ಮುಂದಿಟ್ಟ ಈ ಉಂಡೆಗಳಿಗೆ ಮೈಸೆಲ್ ಎಂದು ಹೆಸರು. ಎಣ್ಣೆಯು ಅಡಗುವುದು ಇವುಗಳ ಹೊಟ್ಟೆಯಲ್ಲಿ.

ಭೌತಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಆಕ್ಷೇಪಿಸಬೇಕು. ಒಟ್ಟು ಅವ್ಯವಸ್ಥೆಯು ತಾನಾಗಿ ಕಡಮೆಯಾಗದೆಂದು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವು ಸಾರುತ್ತದೆ. ಹಾಗಾದರೆ ಚದುರಿದ ಅಣುಗಳನ್ನು ಅಣಿಗೊಳಿಸಿದವರಾರು? "ಎಣ್ಣೆಯು ನೀರನ್ನು ದ್ವೇಷಿಸುತ್ತದೆ" ಎಂಬ ಉತ್ತರವನ್ನು ಪರೀಕ್ಷೆಯ ಕಾಗದಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ಅದು ಉತ್ತರವಲ್ಲ, ಅವೆರಡರ ಅಣುಗಳ ನಡುವೆಯೂ ತುಸು ಆಕರ್ಷಣೆಯೇ ಇದೆ. ಕಾರಣವನ್ನು ನೀರಿನಲ್ಲಿ ಹುಡುಕಬೇಕು.

ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆದುಕೊಂಡಿರುವುದರಿಂದ ಜಲಜನಕದ ಪರಮಾಣುಗಳು ಅಲ್ಪ ಧನವಿದ್ಯುತ್ತನ್ನು ತಾಳಿ ನೆರೆಯ ಅಣುವಿನ ಆಮ್ಲಜನಕವನ್ನು ಹಿಡಿಯುತ್ತವೆ. 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ವಿವರಿಸಿದ ಜಲಜನಕ ಬಂಧವಿದು. ಅಣುವಿನೊಳಗಿನ ಬಂಧದ ಬಲದಲ್ಲಿ ಇದು ಸುಮಾರು 20ರಲ್ಲಿ 1 ಪಾಲು. ಕ್ಷಣಕ್ಷಣಕ್ಕೂ ಕಡಿಯುತ್ತ ಕೂಡುತ್ತ ಇರುತ್ತದೆ. ಎಣ್ಣೆಯ ಬಾಲವೊಂದು ನಡುವೆ ಬಂದರೆ ಅದರೊಡನೆ ಕೈಹಿಡಿಯಲು ನೀರಿಗೆ ಸಾಧ್ಯವಿಲ್ಲ. ತಮ್ಮ ಬಂಧಗಳನ್ನು ಉಳಿಸಿಕೊಳ್ಳಬೇಕಾದರೆ ಸುತ್ತಲಿನ ನೀರಿನ ಅಣುಗಳು ಕೆಲವೇ ದಿಕ್ಕುಗಳಿಗೆ ಮುಖಮಾಡಿ ನಿಲ್ಲಬೇಕು. ಬಾಲಗಳು ಒಟ್ಟುಗೂಡಿ ಮರೆಯಾದಾಗ ಈ ನೀರಿಗೆ ಬಿಡುಗಡೆ! ಸಾಬೂನಿನಲ್ಲಿ ಉಂಟಾದ ವ್ಯವಸ್ಥೆಗಿಂತ ನೀರಿನಲ್ಲಿ ಉಂಟಾದ ಅವ್ಯವಸ್ಥೆಯು ಮಿಗಿಲು, ನಿಯಮಕ್ಕೆ ಭಂಗವಿಲ್ಲ. ಕೊಠಡಿಯ ಉಷ್ಣತೆಯಲ್ಲಿ ಹಲವು ಮಾರ್ಜಕಗಳು ಗುಂಪುಗೂಡುವಾಗ ಶಾಖವು ಹೆಚ್ಚಾಗಿ ಹೊರಬೀಳುವುದೂ ಇಲ್ಲ, ಒಳಸೇರುವುದೂ ಇಲ್ಲ. ಕೆಲಸ ಮಾಡಿದ್ದು ಎಂಟ್ರೊಪಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಪೋನಿನ್ನಿನ ಸಕ್ಕರೆಯ ಭಾಗವಾದರೋ ನೀರಿನೊಡನೆ ಜಲಜನಕ ಬಂಧಗಳನ್ನು ಬೆಳೆಸುತ್ತದೆ. ಆದುದರಿಂದಲೇ ಎಣ್ಣೆ ತುಂಬಿದ ಉಂಡೆಯು ನೀರಿನೊಡನೆ ಹರಿದುಹೋಗುತ್ತದೆ.

ಬಂಧವು ದುರ್ಬಲವಾಗಿರುವುದು ಕೊರತೆಯೆಂದು ತೋರಬಹುದು. ಪಾಲಿಮರುಗಳನ್ನು ಕಟ್ಟುವವರು ಅದನ್ನೇ ಗುಣವಾಗಿಸಿಕೊಂಡಿದ್ದಾರೆ. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಮೈಯರ್ ಮತ್ತು ಸಂಗಡಿಗರು 1997ರಲ್ಲಿ ವರ್ಣಿಸಿದ ಅಣುಗಳ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಜಲಜನಕ ಬಂಧಗಳಿಗೆ ಎಡೆಯಿತ್ತು. ಒಂದು ಬಂಧ ಸಡಿಲವಾದರೂ ನಾಲ್ಕು ಕೂಡಿದರೆ ಹಿಡಿತ ಬಿಗಿ. ಅಣುವಿಗೆ ಅಣು ತಗುಲಿ ಉದ್ದನೆಯ ಸರಪಣಿಗಳಾದವು; ಕಾಯಿಸಿದರೆ ಬಿಚ್ಚಿಕೊಂಡವು, ಆರಿದರೆ ಮತ್ತೆ ಕೂಡಿಕೊಂಡವು.

2008ರಲ್ಲಿ ಪ್ಯಾರಿಸಿನ ಲೀಬ್ಲರ್ ಮತ್ತು ಸಂಗಡಿಗರು ಜಲಜನಕ ಬಂಧಗಳಿಂದಲೇ ಹೆಣೆದ ರಬ್ಬರೊಂದನ್ನು ತಯಾರಿಸಿದರು. ಅದನ್ನು ಕತ್ತರಿಸಿ, ಕಡಿದ ಮುಖಗಳನ್ನು ಒತ್ತಿಹಿಡಿದರೆ, ಅಂಟಾಗಲಿ ಶಾಖವಾಗಲಿ ಇಲ್ಲದೆ ಅವು ಬೆಸೆದುಕೊಳ್ಳುತ್ತವೆ. ತುಂಡುಗಳನ್ನು ಬಹಳ ಹೊತ್ತು ಬೇರೆಯಾಗಿ ಇಟ್ಟರೆ ಮಾತ್ರ ಬೆಸುಗೆ ಚೆನ್ನಾಗಿ ಬರದು. ಕಡಿದ ಮುಖದಲ್ಲಿ ಬಿಡಿಯಾಗಿ ಉಳಿದ ಕೊಂಡಿಗಳು ಅಷ್ಟರಲ್ಲಿ ತಮ್ಮತಮ್ಮೊಳಗೇ ಜೊತೆ ಹುಡುಕಿಕೊಂಡಿರುತ್ತವೆ.