ಹತಾರ ಮತ್ತು ಕೇಪಿನ ಪಿಸ್ತೂಲು: ಗದಗ ಪರಿಸರದ 1857–58ರ ಬಂಡಾಯಗಳ ಆಯುಧಸ್ಮೃತಿ

ಗದಗ ತಾಲ್ಲೂಕಿನ ಹುಲಕೋಟಿಗೆ ನೆರೆಯೂರಾದ ಕುರ್ತಕೋಟಿಯ ಹೆಸರು ಕನ್ನಡ ಜನಪದ ಸಾಹಿತ್ಯದಲ್ಲಿ ಒಂದು ಲಾವಣಿಯ ಅಂಕಿತವಾಗಿ ಉಳಿದಿದೆ. 'ಹಲಗಲಿಯ ಬೇಡರು' ಎಂಬ ಆ ಲಾವಣಿ ಕುರ್ತಕೋಟಿಯ ಕಲ್ಮೇಶನ ಹೆಸರಿನೊಂದಿಗೆ ಮುಕ್ತಾಯಗೊಳ್ಳುತ್ತದೆ. ಹಲಗಲಿ ಇರುವುದು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ. ಅಲ್ಲಿಯ ಬಂಡಾಯದ ವಾರ್ತೆ ಮಲಪ್ರಭೆಯನ್ನು ದಾಟಿ ಗದಗ ಸೀಮೆಯ ದೇವರ ಅಂಕಿತದಲ್ಲಿ ಹಾಡಾಯಿತೆಂಬುದು ಗಮನಾರ್ಹ. ಆ ಹಾಡಿನ ಕೇಂದ್ರದಲ್ಲಿರುವ ಶಬ್ದ 'ಹತಾರ'. ಹತ್ತೊಂಬತ್ತನೆಯ ಶತಮಾನದ ಕೈಬಂದೂಕುಗಳ, ವಿಶೇಷವಾಗಿ ಕೇಪಿನ ಪಿಸ್ತೂಲುಗಳ, ತಾಂತ್ರಿಕ ಚರಿತ್ರೆಯನ್ನು ಈ ಶಬ್ದದ ಪಕ್ಕದಲ್ಲಿರಿಸಿ ನೋಡಿದರೆ ನಮ್ಮ ಭಾಗದ ಆಯುಧಸ್ಮೃತಿಯ ಸ್ವರೂಪ ಸ್ಪಷ್ಟವಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶವೂ ಅದೇ ಆಗಿದೆ.

1. ಬತ್ತಿಯಿಂದ ಕೇಪಿನವರೆಗೆ

ಬಾಯಿಂದ ಮದ್ದು ತುಂಬುವ ಬಂದೂಕುಗಳಲ್ಲಿ ಮದ್ದಿಗೆ ಕಿಡಿ ತಾಗಿಸುವ ವಿಧಾನವನ್ನು ಅನುಸರಿಸಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಉರಿಯುವ ಬತ್ತಿಯನ್ನು ಮದ್ದಿನ ಬಟ್ಟಲಿಗೆ ತಾಗಿಸುವ ಬತ್ತಿಕೋವಿ. ನಮ್ಮ ದೇಶದ ಪಾಳೆಯಗಾರರ ಪಡೆಗಳಲ್ಲಿ ಇದು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿತ್ತು. ಎರಡನೆಯದು ಚಕಮಕಿ ಕಲ್ಲು ಉಕ್ಕಿನ ಪಟ್ಟಿಗೆ ಬಡಿದು ಕಿಡಿ ಹಾರಿಸುವ ಕೋವಿ. ಟಿಪ್ಪುಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಯ ಚಿಹ್ನೆಗಳಿಂದ ಅಲಂಕೃತವಾದ ಪಿಸ್ತೂಲುಗಳು ಈ ಬಗೆಯವು. ಮಳೆ, ಗಾಳಿಗಳಲ್ಲಿ ಈ ಎರಡೂ ಬಗೆಗಳು ಕೈಕೊಡುತ್ತಿದ್ದವು.

ಮೂರನೆಯದು ಕೇಪಿನ ಘಟ್ಟ. ಬಡಿದರೆ ಸಿಡಿಯುವ ರಾಸಾಯನಿಕ ಪುಡಿಯನ್ನು ಕಿಡಿಗಾಗಿ ಬಳಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದನು. ಆ ಪುಡಿಯನ್ನು ತಾಮ್ರದ ಸಣ್ಣ ಟೊಪ್ಪಿಗೆಯೊಳಗೆ ಹುದುಗಿಸಿದ ಕೇಪು 1820ರ ದಶಕದಲ್ಲಿ ಬೇಟೆಗಾರರ ನಡುವೆ ಪ್ರಚಾರಕ್ಕೆ ಬಂದಿತು. ಬ್ರಿಟಿಷ್ ಸೇನೆಗಳಲ್ಲಿ ಅದು ವ್ಯಾಪಕವಾದದ್ದು 1840ರ ದಶಕದಲ್ಲಿ. ನಳಿಗೆಯ ಹಿಂಬದಿಯ ಟೊಳ್ಳು ಮೊಳೆಯ ಮೇಲೆ ಕೇಪನ್ನು ಕೂರಿಸಿ, ಟ್ರಿಗರ್ ಎಳೆದಾಗ 'ಕುದುರೆ' ಅದರ ಮೇಲೆ ಬಡಿಯುವಂತೆ ಮಾಡುವುದೇ ಇದರ ಕ್ರಮ. ಮಲೆನಾಡಿನಲ್ಲಿ ಇಂದಿಗೂ ಕೇಳಿಬರುವ 'ಕೇಪಿನ ಕೋವಿ' ಎಂಬ ಮಾತು ಈ ಘಟ್ಟವನ್ನೇ ಸೂಚಿಸುತ್ತದೆ. 1857ರ ತೋಟೆಯ ವಿವಾದಕ್ಕೆ ಕಾರಣವಾದ ಎನ್‌ಫೀಲ್ಡ್ ಬಂದೂಕು ಸಹ ಕೇಪಿನದೇ ಆಗಿತ್ತು.

2. ವಿಚಿತ್ರ ವಿನ್ಯಾಸಗಳ ಕಾಲ

ಕೇಪು ಬಂದ ಮೇಲೆ ಮದ್ದಿನ ಬಟ್ಟಲಾಗಲಿ ಕಲ್ಲಿನ ಸಲಕರಣೆಯಾಗಲಿ ಬೇಕಿರಲಿಲ್ಲ. ಹೀಗಾಗಿ ಸಣ್ಣ ಆಯುಧದಲ್ಲಿಯೇ ಹಲವು ಗುಂಡುಗಳಿಗೆ ಅವಕಾಶ ದೊರೆಯಿತು. 1830ರಿಂದ 1860ರವರೆಗಿನ ಮೂರು ದಶಕಗಳಲ್ಲಿ ಪಿಸ್ತೂಲುಗಳ ಆಕಾರದಲ್ಲಿ ಕಂಡುಬರುವ ವೈವಿಧ್ಯಕ್ಕೆ ಇದೇ ಕಾರಣ. ಐದಾರು ನಳಿಗೆಗಳನ್ನು ಒಂದೇ ಕಟ್ಟಾಗಿಸಿ ತಿರುಗಿಸುವ ಪಿಸ್ತೂಲಿಗೆ ಇಂಗ್ಲಿಷಿನಲ್ಲಿ ಮೆಣಸಿನ ಡಬ್ಬಿಯ ಹೆಸರೇ ಬಂದಿತು. ಮುಂಭಾರ ಹೆಚ್ಚಿದ್ದುದರಿಂದ ಅದರ ಗುರಿ ನೆಚ್ಚುವಂತಿರಲಿಲ್ಲ. ಆನೆಯ ಅಂಬಾರಿಯ ಮೇಲೆ ಹುಲಿ ಎರಗಿದಾಗ ಆತ್ಮರಕ್ಷಣೆಗೆಂದು ಬಳಸುತ್ತಿದ್ದ, ದಪ್ಪ ನಳಿಗೆಗಳ 'ಹೌಡಾ ಪಿಸ್ತೂಲು' ಭಾರತದ ಬೇಟೆಯ ಪರಿಸರಕ್ಕಾಗಿಯೇ ರೂಪುಗೊಂಡದ್ದು. ನಮ್ಮ ದೇಶದ ಕಮ್ಮಟಗಳಲ್ಲಿ ಕಠಾರಿಯ ಹಿಡಿಕೆಯ ಎರಡು ಬದಿಗೆ ಎರಡು ಸಣ್ಣ ಪಿಸ್ತೂಲುಗಳನ್ನು ಜೋಡಿಸಿದ ಆಯುಧಗಳೂ ತಯಾರಾದವು. ಬ್ಲೇಡು ಮತ್ತು ನಳಿಗೆ ಒಂದಾದ ಇಂಥದೇ ಪ್ರಯೋಗವನ್ನು ಅಮೆರಿಕದ ನೌಕಾಪಡೆ 1838ರ ಸುಮಾರಿಗೆ ಎಲ್ಜಿನ್ ಕತ್ತಿಪಿಸ್ತೂಲಿನಲ್ಲಿ ಮಾಡಿತು.

ಇವುಗಳಲ್ಲಿ ಉಳಿದು ಬೆಳೆದದ್ದು ರಿವಾಲ್ವರ್. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿಯೂ, ಲಂಡನ್ನಿನ ರಾಬರ್ಟ್ ಆ್ಯಡಮ್ಸ್ 1851ರಲ್ಲಿಯೂ ಪೇಟೆಂಟ್ ಪಡೆದರು. ನಳಿಗೆ ಒಂದೇ, ತಿರುಗುವುದು ಐದು ಅಥವಾ ಆರು ಕೋಣೆಗಳ ಉರುಳೆ. ಪ್ರತಿ ಕೋಣೆಗೂ ಮದ್ದು, ಗುಂಡು, ಕೇಪುಗಳನ್ನು ಬೇರೆಬೇರೆಯಾಗಿ ತುಂಬಬೇಕಿತ್ತು. ಬೆಲೆಬಾಳುವ ಈ ಆಯುಧವನ್ನು ಕಂಪನಿಯ ಅಧಿಕಾರಿಗಳು ಸ್ವಂತ ಹಣದಿಂದ ಕೊಳ್ಳುತ್ತಿದ್ದರು. ಕೇಪುಗಳನ್ನು ಊರ ಕಮ್ಮಾರನು ಮಾಡಿಕೊಡಲಾಗುತ್ತಿರಲಿಲ್ಲ. ಬತ್ತಿಕೋವಿಗೆ ಬೇಕಾದ ಮದ್ದನ್ನೂ ಸೀಸದ ಗುಂಡನ್ನೂ ಸ್ಥಳೀಯವಾಗಿ ಸಿದ್ಧಪಡಿಸಬಹುದಿತ್ತು. ಕೇಪಿನ ಆಯುಧವಾದರೋ ತನ್ನ ಒಡೆಯನನ್ನು ಪೇಟೆಗೂ ಹಡಗಿಗೂ ಕಟ್ಟಿಹಾಕಿತು.

3. 1857ರ ಕಾಯಿದೆ ಮತ್ತು ಹಲಗಲಿ

1857ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ 28ನೆಯ ಕಾಯಿದೆ ಆಯುಧಗಳ ಆಮದು, ತಯಾರಿಕೆ, ಮಾರಾಟ ಮತ್ತು ಇರಿಸಿಕೊಳ್ಳುವಿಕೆಯನ್ನು ನಿಯಂತ್ರಿಸಿತು. ಅದರ ಬಿಸಿ ಮುಧೋಳ ಸಂಸ್ಥಾನಕ್ಕೂ ತಟ್ಟಿತು. ಹಲಗಲಿಯ ಬೇಡರು ಹತಾರ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೇನೆ ಊರನ್ನು ಸುತ್ತುವರಿದು ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ ಕೆಲವರನ್ನು ಮುಧೋಳದಲ್ಲಿಯೂ ಕೆಲವರನ್ನು ಹಲಗಲಿಯಲ್ಲಿಯೂ ನೇಣಿಗೇರಿಸಲಾಯಿತು.

ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ ಮೇಲೆ ಈ ಪ್ರಕಾರ ವಿದ್ವಾಂಸರ ಗಮನ ಸೆಳೆಯಿತು. ಬಿ.ಎಸ್. ಗದ್ದಗಿಮಠರ ಸಂಗ್ರಹದ ಮೂಲಕ 'ಹಲಗಲಿಯ ಬೇಡರು' ಶಾಲೆಯ ಪಠ್ಯಕ್ಕೂ ಬಂದಿತು. ಲಾವಣಿಕಾರನಿಗೆ ಆಯುಧದ ಯಂತ್ರರಚನೆ ಮುಖ್ಯವಾಗಿಲ್ಲ. ಹತಾರವೆಂಬುದು ಅಲ್ಲಿ ಜೀವಕ್ಕೂ ಮಾನಕ್ಕೂ ಸಮನಾದ ವಸ್ತು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಶಬ್ದಕ್ಕೆ ಆಯುಧವೆಂಬ ಅರ್ಥದ ಜೊತೆಗೆ ಕಸುಬಿನ ಸಲಕರಣೆ ಎಂಬ ಅರ್ಥವೂ ಇದೆ. ಬಡಿಗನ ಉಳಿ, ಬಾಚಿಗಳೂ ಹತಾರಗಳೇ. ಸರಕಾರದ ಕಾಯಿದೆಯಲ್ಲಿ ಆಯುಧಕ್ಕೂ ಸಲಕರಣೆಗೂ ನಡುವೆ ಇದ್ದ ಗೆರೆ ಊರಿನ ಮಾತಿನಲ್ಲಿ ಇರಲಿಲ್ಲ. ಲಾವಣಿಯ ಕೊನೆಯ ಭಾಗದಲ್ಲಿ ಬರುವ ಲೂಟಿಯ ಪಟ್ಟಿಯನ್ನು ಈ ದೃಷ್ಟಿಯಿಂದ ಓದಬೇಕು. ಕೊಡಲಿ, ನೇಗಿಲ ಕುಡಗಳಿಂದ ಹಿಡಿದು ಉಪ್ಪು, ಎಣ್ಣೆ, ಬೆಲ್ಲ, ಮಂಗಳಸೂತ್ರ, ಬೀಸುವ ಕಲ್ಲಿನವರೆಗೆ ಆ ಪಟ್ಟಿ ಸಾಗುತ್ತದೆ. ಆಯುಧ ಕೇಳಲು ಬಂದವರು ಬದುಕನ್ನೇ ಹೊತ್ತೊಯ್ದರೆಂಬುದು ಹಾಡಿನ ಆರೋಪ. ಯಾವ ಸರಕಾರಿ ವರದಿಯೂ ನೆಲದಿಂದ ಕಂಡ ಈ ನೋಟವನ್ನು ಕೊಡಲಾರದು.

4. 1858ರ ಮೇ: ಎರಡು ರಿವಾಲ್ವರ್‌ಗಳು

ಮರುವರ್ಷದ ಮೇ ತಿಂಗಳಲ್ಲಿ ಗದಗ ಸೀಮೆ ಬಂಡಾಯದ ನಡುವೆಯೇ ಇತ್ತು. ಮುಂಡರಗಿಯ ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದನು. ಜೂನ್ 1ರಂದು ಇಬ್ಬರೂ ಅಲ್ಲಿ ಹೋರಾಡಿ ಮಡಿದರು. ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಮೇಲೆ ಎರಗಿದನು. ನಿದ್ದೆಯಿಂದ ಎಚ್ಚತ್ತ ಮ್ಯಾನ್ಸನ್ ರಿವಾಲ್ವರ್ ಹಾರಿಸಿ ಒಬ್ಬನನ್ನು ಗಾಯಗೊಳಿಸಿದನೆಂದೂ ಒಡನೆಯೇ ಹತನಾದನೆಂದೂ ಬ್ರಿಟಿಷ್ ಬರಹಗಳು ದಾಖಲಿಸುತ್ತವೆ. ಅವನ ತಲೆ ನರಗುಂದದ ಬಾಗಿಲಲ್ಲಿ ತೂಗಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ನೇಣಿಗೇರಿಸಲಾಯಿತು.

ಅದೇ ಮೇ ತಿಂಗಳಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ಸೆರೆಯಾಳಾಗಿ ಹೈದರಾಬಾದಿನಿಂದ ಚೆಂಗಲ್ಪಟ್ಟಿಗೆ ಒಯ್ಯಲಾಗುತ್ತಿತ್ತು. ಕಾವಲಿನ ಅಧಿಕಾರಿ ಕಳಚಿಟ್ಟಿದ್ದ ಸೊಂಟಪಟ್ಟಿಯ ರಿವಾಲ್ವರಿನಿಂದ ರಾಜನು ತನಗೆ ತಾನೇ ಗುಂಡಿಟ್ಟುಕೊಂಡನೆಂದು ಅವನನ್ನು ಬಾಲ್ಯದಿಂದಲೂ ಬಲ್ಲ ಮೆಡೋಸ್ ಟೇಲರ್ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದು ಕೊಲೆಯೆಂಬ ನಂಬಿಕೆಯೂ ಪ್ರಚಲಿತವಾಗಿದೆ.

ಲೋಹದ ತೋಟೆಯ ರಿವಾಲ್ವರುಗಳು ಆಗತಾನೆ ಕಾಣಿಸಿಕೊಳ್ಳುತ್ತಿದ್ದ ಕಾಲವಾದ್ದರಿಂದ, ಈ ಎರಡೂ ಕೇಪಿನ ರಿವಾಲ್ವರುಗಳೇ ಆಗಿದ್ದುವೆಂದು ಬಹುಮಟ್ಟಿಗೆ ಊಹಿಸಬಹುದು. ಎರಡು ಪ್ರಸಂಗಗಳಲ್ಲಿಯೂ ಅದು ಅಧಿಕಾರಿಯ ಸೊಂಟದ ಆಯುಧ. ಕೈಬಂದೂಕು ತಾಂತ್ರಿಕವಾಗಿ ಅತ್ಯಂತ ವೇಗವಾಗಿ ಬದಲಾದ ದಶಕದಲ್ಲಿಯೇ ನಮ್ಮ ಭಾಗದ ಜನರ ಕೈಯಿಂದ ಆಯುಧ ಜಾರಿತು.

5. ಕೊಡಗಿನ ಹೋಲಿಕೆ

ಇದಕ್ಕೆ ವಿರುದ್ಧವಾದ ನಿದರ್ಶನ ಕೊಡಗಿನದು. 1861ರಲ್ಲಿ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದಲ್ಲಿಯೂ ಮುಂದುವರಿದ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದ ಪೂಜೆಯಲ್ಲಿ, ತೆಂಗಿನಕಾಯಿಗೆ ಗುರಿಯಿಡುವ ಆಟದಲ್ಲಿ, ಜನನ ಮರಣಗಳ ಸೂಚನೆಯಲ್ಲಿ 'ತೋಕ್' ಇಂದಿಗೂ ಜೀವಂತ ವಸ್ತು. ಗದಗ ಸೀಮೆಯ ಖಂಡೇನವಮಿಯಲ್ಲಿ ಹೆಸರು ಮಾತ್ರ ಖಡ್ಗದ್ದು. ಒಕ್ಕಲಿಗನ ಮನೆಯಲ್ಲಿ ಪೂಜೆಗೊಳ್ಳುವುದು ಕುಡ, ಕುರ್ಚಿಗೆ, ಕೊಡಲಿ ಮತ್ತು ಈಗ ಟ್ರ್ಯಾಕ್ಟರು. ಆಯುಧ ಉಳಿದಲ್ಲಿ ಅದು ಆಚರಣೆಯಲ್ಲಿ ಉಳಿಯಿತು. ಹೋದಲ್ಲಿ ಹಾಡಿನಲ್ಲಿ ಉಳಿಯಿತು.

6. ಸಂಶೋಧಕರಿಗೆ ಕೆಲವು ಸೂಚನೆಗಳು

ವಾಡೆಗಳಲ್ಲಿ, ಮಠಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಪಿಸ್ತೂಲುಗಳಿಗೆ ವೀರರ ಹೆಸರು ಅಂಟಿಕೊಳ್ಳುವುದು ಸಹಜ. ಇಂಥ ಐತಿಹ್ಯಗಳನ್ನು ಬರೆದುಕೊಳ್ಳುವಾಗ ವಸ್ತುವಿನ ಸಾಕ್ಷ್ಯವನ್ನೂ ಪರಿಶೀಲಿಸಬೇಕು. ಕೇಪಿನ ಪಿಸ್ತೂಲು 1799ರಲ್ಲಿ ಮಡಿದ ಟಿಪ್ಪುವಿನದಾಗಿರಲು ಸಾಧ್ಯವಿಲ್ಲ. 1824ರ ಕಿತ್ತೂರಿನ ಯುದ್ಧಕ್ಕೆ ಅದನ್ನು ಜೋಡಿಸುವುದೂ ಕಷ್ಟ. ಚಕಮಕಿಯ ಪಿಸ್ತೂಲುಗಳನ್ನು ಮುಂದೆ ಕೇಪಿಗೆ ಮಾರ್ಪಡಿಸಿದ್ದುಂಟು. ಪಕ್ಕದ ಫಲಕದಲ್ಲಿ ಮುಚ್ಚಿದ ಹಳೆಯ ತಿರುಪಿನ ರಂಧ್ರಗಳಿದ್ದರೆ ಅದನ್ನು ಗುರುತಿಸಬಹುದು. ಈಸ್ಟ್ ಇಂಡಿಯಾ ಕಂಪನಿಯ ಹೃದಯಾಕಾರದ ಮುದ್ರೆ 1808ರ ಸುಮಾರಿಗೆ ನಿಂತು, ಅನಂತರ ನಿಂತ ಭಂಗಿಯ ಸಿಂಹದ ಮುದ್ರೆ ಬಂದಿತು. ಲಂಡನ್, ಬರ್ಮಿಂಗ್‌ಹ್ಯಾಮ್, ಬೆಲ್ಜಿಯಮಿನ ಲಿಯೇಜ್ ಪಟ್ಟಣಗಳ ಪರೀಕ್ಷಾಮುದ್ರೆಗಳೂ ಕಾಲನಿರ್ಣಯಕ್ಕೆ ನೆರವಾಗುತ್ತವೆ. 1959ರ ಆಯುಧ ಕಾಯಿದೆಯ 45ನೆಯ ವಿಧಿ ದುರಸ್ತಿಯಿಂದಲೂ ಬಳಕೆಗೆ ಬಾರದ ಪುರಾತನ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸುತ್ತದೆ. ಇದನ್ನು ಅರಿಯದ ಮನೆತನಗಳು ಭಯದಿಂದ ವಸ್ತುಗಳನ್ನು ಬಾವಿಗೆಸೆಯುವ ಅಥವಾ ಗುಜರಿಗೆ ಹಾಕುವ ಸಂಭವವಿರುತ್ತದೆ. ಆದ್ದರಿಂದ ಕ್ಷೇತ್ರಕಾರ್ಯ ಮಾಡುವವರು ಕಾನೂನಿನ ತಿಳಿವಳಿಕೆಯನ್ನೂ ಜೊತೆಗೊಯ್ಯಬೇಕು.

ಕಾಲಕ್ಕೆ ಹೊಂದದ ಪಿಸ್ತೂಲಿನ ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಕಸಿದುಕೊಂಡ ಹತಾರದ ಸ್ಥಾನದಲ್ಲಿ ಸಮುದಾಯವೊಂದು ಮತ್ತೊಂದು ವಸ್ತುವನ್ನು ಏಕೆ ಇರಿಸಿಕೊಂಡಿತು ಎಂಬ ಪ್ರಶ್ನೆಯೇ ಜಾನಪದ ಸಂಶೋಧಕನ ಕ್ಷೇತ್ರ. ವಸ್ತುವಿನ ಮುದ್ರೆ ಅದರ ಕಾಲವನ್ನು ಹೇಳುತ್ತದೆ. ಅದು ಯಾರ ಪಾಲಿಗೆ ಏನಾಗಿತ್ತೆಂಬುದನ್ನು ಕುರ್ತಕೋಟಿಯ ಅಂಕಿತ ಹೊತ್ತ ಲಾವಣಿ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ 1857–58ರ ನಮ್ಮ ನೆಲದ ಚರಿತ್ರೆ ಪೂರ್ಣವಾದೀತು.