ಕಲ್ನಾರಿನ ಕ್ಯಾನ್ಸರ್: ಸದಸ್ಯರು ತಿಳಿದಿರಬೇಕಾದ ಚಿಕಿತ್ಸಾ ಮಾರ್ಗಗಳು

ಶ್ವಾಸಕೋಶವನ್ನು ಹೊದ್ದಿರುವ ತೆಳುಪೊರೆಯಲ್ಲಿ, ಕೆಲವೊಮ್ಮೆ ಹೊಟ್ಟೆಯ ಒಳಪೊರೆಯಲ್ಲಿ ಹುಟ್ಟುವ ವಿರಳ ಕ್ಯಾನ್ಸರಿಗೆ ಮೀಸೋಥೀಲಿಯೋಮಾ ಎಂದು ಹೆಸರು. ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರುವುದೇ ಇದರ ಪ್ರಮುಖ ಕಾರಣ. ರೋಗವು ಸಾಮಾನ್ಯವಾಗಿ 20ರಿಂದ 50 ವರ್ಷಗಳ ಬಳಿಕ ತಲೆದೋರುತ್ತದೆ. ಯೌವನದಲ್ಲಿ ಖಾನಾಪುರ ಭಾಗದಿಂದ ಗೋವಾ, ಮುಂಬಯಿಗೆ ದುಡಿಯಲು ಹೋಗಿ ಶೀಟು ಕತ್ತರಿಸಿದ, ಬಾಯ್ಲರ್ ಹೊದಿಕೆ ಕಳಚಿದ ವ್ಯಕ್ತಿ ವೃದ್ಧಾಪ್ಯದಲ್ಲಿ ಅದನ್ನು ನೆನೆಯುವುದೂ ಕಷ್ಟ. ವೈದ್ಯರಿಗೆ ಮೊದಲು ತಿಳಿಯಬೇಕಾದುದು ಅದೇ.

ಎದೆನೋವು, ಏದುಸಿರು, ಎದೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ಕ್ಷಯದಲ್ಲಿಯೂ ಇವೇ ಕಾಣುವುದರಿಂದ ತಿಂಗಳುಗಳು ವ್ಯರ್ಥವಾಗಬಹುದು. ಕ್ಷಯದ ಔಷಧಿಯ ಬಳಿಕವೂ ನೀರು ಮತ್ತೆ ತುಂಬಿದರೆ ಪೊರೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಅಗತ್ಯ. ನೀರಿನ ಪರೀಕ್ಷೆಯೊಂದೇ ಅನೇಕ ಬಾರಿ ಸಾಲದು.

ರೋಗವನ್ನು ಸಂಪೂರ್ಣ ಗುಣಪಡಿಸುವುದು ಬಹು ವಿರಳವೆಂಬುದನ್ನು ಕುಟುಂಬದಿಂದ ಮುಚ್ಚಿಡುವುದು ಹಿತವಲ್ಲ. ಪೆಮೆಟ್ರೆಕ್ಸೆಡ್ ಮತ್ತು ಸಿಸ್ಪ್ಲಾಟಿನ್ ಜೋಡಿ ಕಿಮೋಥೆರಪಿಯು 2004ರಿಂದ ಬಳಕೆಗೆ ಬಂದಿತು. ಇದರೊಡನೆ ಫೋಲಿಕ್ ಆಮ್ಲ ಹಾಗೂ ಬಿ12 ಜೀವಸತ್ವವನ್ನು ತಪ್ಪದೆ ನೀಡಬೇಕು. 2020ರಲ್ಲಿ ಅಮೆರಿಕ ಒಪ್ಪಿದ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಮ್ಯುನೊಥೆರಪಿಯ ಪ್ರಯೋಗದಲ್ಲಿ ಮಧ್ಯಮ ಆಯುಷ್ಯ 18.1 ತಿಂಗಳು, ಕಿಮೋಥೆರಪಿಯಲ್ಲಿ 14.1 ತಿಂಗಳು. ಆದರೆ ಅದು ಅತಿ ದುಬಾರಿ. ಪೊರೆ ಸುಲಿಯುವ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಜಮೀನು ಮಾರುವ ಮುನ್ನ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು: ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಕಿಮೋಥೆರಪಿಗೆ ಅದನ್ನು ಸೇರಿಸಿದವರು ಹೆಚ್ಚು ಕಾಲ ಬದುಕಲಿಲ್ಲ. ನೀರು ತೆಗೆದು ಪೊರೆಗಳನ್ನು ಅಂಟಿಸುವುದು, ವಿಕಿರಣ, ನೋವು ನಿವಾರಣೆ ಇವು ಬಡ ರೋಗಿಗೂ ನಿಜವಾದ ನೆಮ್ಮದಿ ಕೊಡಬಲ್ಲವು.

ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಿಂದ ತಪಾಸಣೆ ಆರಂಭಿಸಬಹುದು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮುಂದಿನ ಆಯ್ಕೆಗಳು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವುಂಟು. ಸೂಚಿಸಿದ ಔಷಧಿ ಅದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಕಲ್ನಾರಿನಿಂದಾಗುವ ಮೀಸೋಥೀಲಿಯೋಮಾ 1923ರ ನೌಕರರ ಪರಿಹಾರ ಅಧಿನಿಯಮದ ಮೂರನೆಯ ಅನುಸೂಚಿಯಲ್ಲಿದ್ದ ಔದ್ಯೋಗಿಕ ರೋಗ. ಆದುದರಿಂದ ಹಳೆಯ ಹಾಜರಿ ಚೀಟಿ, ಸಂಬಳದ ಪಾವತಿಗಳನ್ನು ಕಾಪಾಡಿಕೊಳ್ಳುವಂತೆ ತಿಳಿಸಬೇಕು.

ಮಳೆಗಾಳಿಗೆ ಸಿಮೆಂಟ್ ಶೀಟು ಒಡೆಯುವುದು ಖಾನಾಪುರದಲ್ಲಿ ಹೊಸದಲ್ಲ. ಗಟ್ಟಿಯಾಗಿರುವ ಶೀಟಿನಿಂದ ಭಯ ಕಡಿಮೆ, ಧೂಳೆದ್ದಾಗಲೇ ಅಪಾಯ. ಶಾಲೆ, ಅಂಗನವಾಡಿಗಳ ಚಾವಣಿ ಬದಲಿಸುವಾಗ ಮಕ್ಕಳಿಲ್ಲದ ದಿನ ಗೊತ್ತುಪಡಿಸಿ, ಶೀಟನ್ನು ನೀರಿನಿಂದ ತೋಯಿಸಿ, ಒಡೆಯದೆ ಇಳಿಸಬೇಕು. ಚೂರುಗಳನ್ನು ರಸ್ತೆಗುಂಡಿಗೆ ತುಂಬುವ ರೂಢಿಯನ್ನು ಗ್ರಾಮ ಪಂಚಾಯಿತಿ ಕೂಡಲೇ ನಿಲ್ಲಿಸತಕ್ಕದ್ದು.